ಅಣ್ಣತಮ್ಮ ಇಬ್ಬರೂ ಕುಡಿದರು, ಒಬ್ಬರ ಲಿವರ್ ಮಾತ್ರ ಹೋಯಿತು. ಇದು ಜೀನ್ ಆಟವಾ?

ಮೂಡಿಗೆರೆ_ಮಳೆ

ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮ ದೊಡ್ಡಪ್ಪ ವಯಸ್ಸಿಗೆ ಬಂದಾಗಿನಿಂದ ಕುಡಿಯುತ್ತಿದ್ದಾರೆ. ಈಗ 78. ಮೊನ್ನೆ ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರು, ಲಿವರ್ ನಾರ್ಮಲ್ ಅಂತ ಬಂತು. ಅಪ್ಪ ಅವರಷ್ಟು ಕುಡಿದವರೇ ಅಲ್ಲ. 49ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಸಿರೋಸಿಸ್ ಅಂದರು, ಅಂದರೆ ಲಿವರ್ ನಾರುಕಟ್ಟಿ ಗಟ್ಟಿಯಾಗುವ ಕಾಯಿಲೆ. 51ಕ್ಕೆ ಹೋದರು.

ಮನೆಯಲ್ಲಿ ಇದಕ್ಕೆ ಎರಡು ಉತ್ತರ ಚಾಲ್ತಿಯಲ್ಲಿವೆ. ಅಜ್ಜಿ ಹಣೆಬರಹ ಅನ್ನುತ್ತಾರೆ. ದೊಡ್ಡಪ್ಪ "ನಿಮ್ಮಪ್ಪ ಏನೂ ತಿನ್ನದೆ ಕುಡೀತಿದ್ದ" ಅನ್ನುತ್ತಾರೆ. ಇತ್ತೀಚೆಗೆ ಫೋನ್‌ನಲ್ಲಿ ಜೊಲ್ಲು ಪರೀಕ್ಷೆಯ ಜಾಹೀರಾತು ಬರುತ್ತಿದೆ. "ನಿಮ್ಮ ಲಿವರ್ ಜೀನ್ ತಿಳಿಯಿರಿ" ಅಂತೆ. ನಿಜವಾಗಿಯೂ ಇಂಥ ಜೀನ್ ಇದೆಯಾ? ಮಕ್ಕಳಾದ ನಾವು ಮಾಡಿಸಬೇಕಾ?

ಗದಗ_ಗಾಳಿ

ನಮ್ಮ ಅಜ್ಜ 91ರ ತನಕ ದಿನಾ ಸಂಜೆ ತಗೊಂಡು ಆರಾಮ ಇದ್ದರು ರೀ. ಸಾರಾಯಿ ಕಾಲದ ಮನುಷ್ಯ. ಅವರು ಹೇಳುತ್ತಿದ್ದುದು ಒಂದೇ ಮಾತು: ಶುದ್ಧ ಮಾಲು ಕುಡಿದು, ಮೇಲೆ ಗಟ್ಟಿ ಊಟ ಮಾಡಿದರೆ ಏನೂ ಆಗುವುದಿಲ್ಲ. ಈ ಜೀನ್ ಗೀನ್ ಎಲ್ಲಾ ಪರೀಕ್ಷೆ ಮಾರುವವರ ಕಥೆ ಅನ್ನಿಸುತ್ತದೆ.

ಜೀನ್_ಗಿರಾಕಿ

ನಾನು ಬೆಂಗಳೂರಿನಲ್ಲಿ ಜೀನ್ ಮಾಹಿತಿ ವಿಶ್ಲೇಷಣೆಯ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ. ಜೀನ್ ಇದೆಯಾ ಅನ್ನುವ ಪ್ರಶ್ನೆಗೆ ಉತ್ತರ: ಇದೆ, ಒಂದಲ್ಲ ಹಲವು ಇವೆ. ಜಾಹೀರಾತಿನವರ ವಿಷಯ ಆಮೇಲೆ ನೋಡೋಣ.

ಈ ಅನುಮಾನ ಹಳೆಯದು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದ ಮಾಜಿ ಸೈನಿಕರಲ್ಲಿ ಅವಳಿಗಳ ಒಂದು ದೊಡ್ಡ ನೋಂದಣಿ ಇತ್ತು, 15,924 ಜೋಡಿ ಗಂಡಸರು. 1981ರಲ್ಲಿ ಹ್ರೂಬೆಕ್ ಮತ್ತು ಓಮೆನ್ ಅನ್ನುವ ಸಂಶೋಧಕರು ಅದನ್ನು ಜಾಲಾಡಿದರು. ಒಬ್ಬನಿಗೆ ಕುಡಿತದ ಸಿರೋಸಿಸ್ ಬಂದಿದ್ದರೆ ಇನ್ನೊಬ್ಬನಿಗೂ ಬಂದಿತ್ತಾ ಅಂತ ನೋಡಿದರು. ಅಚ್ಚು ಒಂದೇ ಆಗಿರುವ ಅವಳಿಗಳಲ್ಲಿ ಶೇ 14.6, ಸಾಮಾನ್ಯ ಅವಳಿಗಳಲ್ಲಿ ಶೇ 5.4. ಹತ್ತಿರ ಹತ್ತಿರ ಮೂರು ಪಟ್ಟು ವ್ಯತ್ಯಾಸ. ಜೀನ್‌ಗೆ ಪಾತ್ರ ಇದೆ ಅನ್ನುವುದಕ್ಕೆ ಇದು ಸಾಕು. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. ಇಡೀ ಜೀನ್ ಗಂಟು ಒಂದೇ ಆಗಿದ್ದರೂ ನೂರರಲ್ಲಿ ಎಂಬತ್ತೈದು ಸಲ ಒಬ್ಬನಿಗೆ ಬಂದರೂ ಇನ್ನೊಬ್ಬನಿಗೆ ಬರಲಿಲ್ಲ. ಈ ಎರಡನೇ ಭಾಗವನ್ನು ಜಾಹೀರಾತಿನವರು ಹೇಳುವುದಿಲ್ಲ.

ಯಾವ ಜೀನ್ ಅಂತ ಗೊತ್ತಾಗಿದ್ದು ಬಹಳ ತಡವಾಗಿ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಜನಸಾಮಾನ್ಯರ ಲಿವರ್ ಕೊಬ್ಬನ್ನು ಸ್ಕ್ಯಾನ್ ಮಾಡಿ ಅಳೆಯುತ್ತಿದ್ದರು. ಅದು ಕುಡಿತದ ಅಧ್ಯಯನವೇ ಅಲ್ಲ. ಅಲ್ಲಿ ಪಿಎನ್‌ಪಿಎಲ್‌ಎ3 ಅನ್ನುವ ಜೀನ್ ಎದ್ದು ಕಂಡಿತು. ಅದು ತಯಾರಿಸುವ ಪ್ರೋಟೀನ್‌ನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೋ ಆಮ್ಲ ಇರಬೇಕಾದ ಕಡೆ ಮೆಥಿಯೋನಿನ್ ಇದ್ದವರಿಗೆ ಲಿವರ್ ಕೊಬ್ಬು ಜಾಸ್ತಿ. ಎರಡೇ ವರ್ಷದಲ್ಲಿ, 2010ಕ್ಕೆ, ಅದೇ ಬದಲಾವಣೆ ಕುಡಿತದ ಲಿವರ್ ಕಾಯಿಲೆಗೂ ಸಂಬಂಧಿಸಿದ್ದು ಅಂತ ಮೆಕ್ಸಿಕೋದ ಮಿಶ್ರ ಮೂಲದ ಜನರಲ್ಲಿ ಕಂಡಿತು. 2015ರಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಕುಡಿತದ ಸಿರೋಸಿಸ್ ಇರುವವರನ್ನೂ, ಕುಡಿದೂ ಸಿರೋಸಿಸ್ ಬರದವರನ್ನೂ ಹೋಲಿಸಿ ಪಿಎನ್‌ಪಿಎಲ್‌ಎ3 ಜೊತೆಗೆ ಟಿಎಂ6ಎಸ್‌ಎಫ್2, ಎಂಬಿಒಎಟಿ7 ಅನ್ನುವ ಇನ್ನೆರಡನ್ನು ಪಟ್ಟಿಗೆ ಸೇರಿಸಿತು.

ಗದಗದ ಅಣ್ಣ, ಪರೀಕ್ಷೆ ಮಾರುವವರು ಹುಟ್ಟುವ ಮೊದಲೇ ಶುರುವಾದ ಕಥೆ ಇದು.

ಬಿಯರ್_ಮಾತ್ರ

ಗುರು, ಆ 148ನೇ ಜಾಗದಲ್ಲಿ ಒಂದು ಅಕ್ಷರ ಬದಲಾದರೆ ಲಿವರ್ ಯಾಕೆ ಹಾಳಾಗಬೇಕು? ಸ್ವಲ್ಪ ನಮ್ಮ ಲೆವೆಲ್‌ಗೆ ಇಳಿದು ಹೇಳು.

ಜೀನ್_ಗಿರಾಕಿ

ಲಿವರ್ ಜೀವಕೋಶದೊಳಗೆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಕೂತಿರುತ್ತದೆ. ಪಿಎನ್‌ಪಿಎಲ್‌ಎ3 ಪ್ರೋಟೀನ್ ಇರುವುದು ಆ ಹನಿಯ ಮೇಲ್ಮೈಯಲ್ಲಿ. ಸಾಮಾನ್ಯ ರೂಪವಾದರೆ ಕೆಲಸ ಮುಗಿದ ಮೇಲೆ ಜೀವಕೋಶ ಅದನ್ನು ತೆಗೆದುಹಾಕುತ್ತದೆ. ಬದಲಾದ ರೂಪವನ್ನು ತೆಗೆಯುವುದು ಕಷ್ಟ, ಅದು ಅಲ್ಲೇ ರಾಶಿ ಬೀಳುತ್ತದೆ. ಜೊತೆಗೆ ಕೊಬ್ಬು ಒಡೆಯುವ ಬೇರೊಂದು ಕಿಣ್ವಕ್ಕೆ ಬೇಕಾದ ಸಹಾಯಕನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದಂತೆ ಅಂದುಕೋ: ತಾನೂ ಕೂರುವುದಿಲ್ಲ, ಕೂರುವವರಿಗೂ ಬಿಡುವುದಿಲ್ಲ. ಹಾಗಾಗಿ ಕೊಬ್ಬು ಕರಗದೆ ಉಳಿಯುತ್ತದೆ.

ಈಗ ಇದಕ್ಕೆ ಹೆಂಡ ಸೇರಿಸು. ಆಲ್ಕೋಹಾಲ್ ತಾನೇ ಲಿವರ್‌ನಲ್ಲಿ ಕೊಬ್ಬು ಹೆಚ್ಚಿಸುತ್ತದೆ. ದಿನಾ ಜೋರಾಗಿ ಕುಡಿಯುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಫ್ಯಾಟಿ ಲಿವರ್ ಇರುತ್ತದೆ. ಆದರೆ ಅವರಲ್ಲಿ ಸಿರೋಸಿಸ್‌ವರೆಗೆ ಹೋಗುವವರು ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ. ಫ್ಯಾಟಿ ಲಿವರ್‌ನಿಂದ ಉರಿಯೂತ, ಅಲ್ಲಿಂದ ಗಾಯದ ನಾರು, ಅಲ್ಲಿಂದ ಸಿರೋಸಿಸ್. ಈ ಮೆಟ್ಟಿಲುಗಳನ್ನು ಯಾರು ಬೇಗ ಹತ್ತುತ್ತಾರೆ ಅನ್ನುವುದರಲ್ಲಿ ಈ ಜೀನ್ ಕೈ ಆಡಿಸುತ್ತದೆ. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪ್ರತಿ ಬಂದಿದ್ದರೆ ಕುಡಿಯುವವರಲ್ಲಿ ಸಿರೋಸಿಸ್ ಅಪಾಯ ಸುಮಾರು ಎರಡು ಪಟ್ಟು. ಇಬ್ಬರಿಂದಲೂ ಬಂದಿದ್ದರೆ ಮೂರು ಪಟ್ಟಿಗೂ ಜಾಸ್ತಿ.

ಇದು ಅಪರೂಪದ್ದು ಅಂದುಕೊಳ್ಳಬೇಡಿ. ದಕ್ಷಿಣ ಏಷ್ಯಾದವರಲ್ಲಿ ಈ ಜೀನ್‌ನ ಪ್ರತಿಗಳಲ್ಲಿ ಸುಮಾರು ಕಾಲು ಭಾಗ ಬದಲಾದ ರೂಪದವು. ಲೆಕ್ಕ ಹಾಕಿದರೆ ಹತ್ತು ಜನರಲ್ಲಿ ನಾಲ್ವರ ಹತ್ತಿರ ಕನಿಷ್ಠ ಒಂದು ಪ್ರತಿ ಇರುತ್ತದೆ. ಅಂದರೆ ಈ ಚರ್ಚೆ ಓದುತ್ತಿರುವ ನಿಮ್ಮಲ್ಲೇ ಅನೇಕರಿಗೆ ಇದೆ.

ಒಳ್ಳೆಯ ಕಡೆಗೂ ಒಂದಿದೆ. ಎಚ್‌ಎಸ್‌ಡಿ17ಬಿ13 ಅಂತ. 2018ರಲ್ಲಿ ಅಮೆರಿಕದಿಂದ ಬಂದ ವರದಿ. ಈ ಜೀನ್ ಕೆಟ್ಟು ಸರಿಯಾಗಿ ಕೆಲಸ ಮಾಡದೇ ಇದ್ದರೆ ಲಿವರ್‌ಗೆ ರಕ್ಷಣೆ! ಕುಡಿತದ ಲಿವರ್ ಕಾಯಿಲೆಯೂ ಕಡಿಮೆ, ಸಿರೋಸಿಸ್ ಕೂಡ ಕಡಿಮೆ. ಕೆಟ್ಟುಹೋದ ಜೀನ್‌ನಿಂದ ಲಾಭ ಆಗುವುದು ಕೇಳಲು ವಿಚಿತ್ರ, ಆದರೆ ಹಾಗೇ ಇದೆ. ಮೂಡಿಗೆರೆಯವರ ದೊಡ್ಡಪ್ಪನಿಗೆ ಏನು ಬಂದಿದೆಯೋ ಯಾರಿಗೆ ಗೊತ್ತು. ಅಣ್ಣತಮ್ಮಂದಿರು ಅಂದರೂ ಸರಾಸರಿ ಅರ್ಧದಷ್ಟು ಜೀನ್ ರೂಪಗಳು ಮಾತ್ರ ಒಂದೇ ಆಗಿರುತ್ತವೆ.

ಡಾ_ಹೊಟ್ಟೆಪಾಡು

ನಾನು ಹೊಟ್ಟೆ, ಲಿವರ್ ನೋಡುವ ವೈದ್ಯ. ಮೇಲಿನ ವಿವರಣೆ ಸರಿಯಾಗಿದೆ. ದೊಡ್ಡಪ್ಪನ ವಿಷಯದಲ್ಲಿ ಒಂದು ತಕರಾರು.

ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆ, ನಾರ್ಮಲ್ ಅಂದರೆ ಲಿವರ್ ನಾರ್ಮಲ್ ಅಂತ ಅಲ್ಲ. ಅದರಲ್ಲಿ ಅಳೆಯುವ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಕಿಣ್ವಗಳು ಆ ಹೊತ್ತಿನಲ್ಲಿ ಜೀವಕೋಶಗಳು ಎಷ್ಟು ಒಡೆಯುತ್ತಿವೆ ಅಂತ ತೋರಿಸುತ್ತವೆ. ಎಷ್ಟು ನಾರು ಕಟ್ಟಿದೆ ಅಂತ ಅಲ್ಲ. ಸಿರೋಸಿಸ್ ಇದ್ದೂ ಎರಡೂ ನಾರ್ಮಲ್ ಬಂದವರನ್ನು ನೋಡುತ್ತಲೇ ಇರುತ್ತೇವೆ. "ರಿಪೋರ್ಟ್ ಕ್ಲೀನ್" ಅಂತ ಸಂಜೆ ಬಾರ್‌ಗೆ ಹೋಗಿ, ಆರು ತಿಂಗಳಿಗೆ ರಕ್ತ ವಾಂತಿ ಮಾಡಿಕೊಂಡು ಬರುತ್ತಾರೆ.

ಗದಗದವರೇ, ಶುದ್ಧ ಮಾಲಿನ ಮಾತು ಎಲ್ಲ ಕಡೆ ಕೇಳುತ್ತೇನೆ. ಕಲಬೆರಕೆಯ ಮೆಥನಾಲ್ ಕಣ್ಣು, ಮೆದುಳಿಗೆ ಹೊಡೆದು ದಿನಗಳಲ್ಲಿ ಕೊಲ್ಲುತ್ತದೆ. ಅದು ಬೇರೆ ಅನಾಹುತ. ವರ್ಷಗಟ್ಟಲೆ ಕೂತು ಲಿವರ್ ತಿನ್ನುವುದು ಎಥನಾಲ್. ಎಷ್ಟೇ ದುಬಾರಿ ಬಾಟ್ಲಿಯಲ್ಲೂ ಇರುವುದು ಅದೇ. ಸಾರಾಯಿ ಕರ್ನಾಟಕದಲ್ಲಿ 2007ರಲ್ಲಿ ನಿಂತಿತು. ಸಿರೋಸಿಸ್ ನಿಲ್ಲಲಿಲ್ಲ.

ಗದಗ_ಗಾಳಿ

ಸರಿ ಡಾಕ್ಟ್ರೇ, ಮಾಲಿನ ಮಾತು ಬಿಟ್ಟೆ. ಊಟದ ಮಾತಿಗೆ ಏನಂತೀರಿ? ಮೂಡಿಗೆರೆಯವರ ದೊಡ್ಡಪ್ಪನೂ ಅದನ್ನೇ ಹೇಳಿದ್ದಾರಲ್ಲ.

ಡಾ_ಹೊಟ್ಟೆಪಾಡು

ಅದರಲ್ಲಿ ಸ್ವಲ್ಪ ಸತ್ಯ ಇದೆ. ಉತ್ತರ ಇಟಲಿಯ ಎರಡು ಊರುಗಳಲ್ಲಿ ನಡೆದ ಡಯನೈಸಸ್ ಅಧ್ಯಯನ, 1997ರಲ್ಲಿ ಪ್ರಕಟವಾಯಿತು. ಊಟದ ಜೊತೆ ಬಿಟ್ಟು ಬೇರೆ ಹೊತ್ತಲ್ಲೂ ಕುಡಿಯುವವರಿಗೆ, ಹಲವು ಬಗೆಯ ಮದ್ಯ ಬೆರೆಸುವವರಿಗೆ ಅಪಾಯ ಜಾಸ್ತಿ ಕಂಡಿತು. ನಮ್ಮವರು ಕುಡಿಯುವುದೇ ಬೇರೆ ರೀತಿ ಅಲ್ವಾ? ಖಾಲಿ ಹೊಟ್ಟೆ, ಒಂದು ಪೊಟ್ಟಣ ಕಡಲೆಕಾಯಿ, ಗಟಗಟ. ಊಟ ಆಮೇಲೆ, ಮಾಡಿದರೆ ಉಂಟು ಇಲ್ಲದಿದ್ದರೆ ಇಲ್ಲ.

ಆದರೆ ಆ ಅಧ್ಯಯನದ ದೊಡ್ಡ ಮಾತು ಪ್ರಮಾಣದ್ದು. ದಿನಕ್ಕೆ 30 ಗ್ರಾಂ ಆಲ್ಕೋಹಾಲ್ ದಾಟಿದ ಮೇಲೆ ಅಪಾಯ ಏರುತ್ತಾ ಹೋಯಿತು. ಅದೇ ಅಧ್ಯಯನದಲ್ಲಿ ದಿನಕ್ಕೆ 120 ಗ್ರಾಂ ಮೀರಿ ಕುಡಿಯುವವರಲ್ಲೂ ಲಿವರ್ ಹಾನಿ ಕಂಡಿದ್ದು ಶೇ 13.5 ಮಂದಿಯಲ್ಲಿ ಮಾತ್ರ. ಅಜ್ಜಂದಿರ ಕಥೆ ಹುಟ್ಟುವುದು ಉಳಿದ ಶೇ 86ರಿಂದ. ಹೆಣ್ಣುಮಕ್ಕಳಿಗೆ ಇದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಹಾನಿಯಾಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಲೆಕ್ಕದ_ಮೇಷ್ಟ್ರು

30 ಗ್ರಾಂ ಅಂದರೆ ಎಷ್ಟು ಅಂತ ಬಾಟ್ಲಿ ಲೆಕ್ಕದಲ್ಲಿ ಹೇಳಿದರೆ ಜನಕ್ಕೆ ಅರ್ಥ ಆಗುತ್ತದೆ. ನಾನೇ ಹಾಕುತ್ತೇನೆ.

ನಮ್ಮ ವಿಸ್ಕಿ, ರಮ್ ಮೇಲೆ ಶೇ 42.8 ಅಂತ ಬರೆದಿರುತ್ತದೆ. ಒಂದು ಕ್ವಾರ್ಟರ್ 180 ಎಂಎಲ್. ಅದರಲ್ಲಿ ಆಲ್ಕೋಹಾಲ್ 77 ಎಂಎಲ್. ಒಂದು ಎಂಎಲ್ ಆಲ್ಕೋಹಾಲ್ ತೂಕ 0.79 ಗ್ರಾಂ. ಒಟ್ಟು 61 ಗ್ರಾಂ. ಅಂದರೆ ನೈಂಟಿ ಪ್ಯಾಕೆಟ್ ಒಂದಕ್ಕೆ 30 ಗ್ರಾಂ. ಆ ಇಟಲಿಯವರ ಗೆರೆ ನಮ್ಮ ಒಂದು ನೈಂಟಿಗೆ ಮುಗಿಯಿತು. ದಿನಾ ಕ್ವಾರ್ಟರ್ ಹೊಡೆಯುವವನು ಅದರ ಎರಡು ಪಟ್ಟು. ಅವನನ್ನು ನಾವು ಊರಲ್ಲಿ "ಜಾಸ್ತಿ ಏನಿಲ್ಲ, ಒಂದೇ ಕ್ವಾರ್ಟರ್" ಅನ್ನುತ್ತೇವೆ.

ಬಿಯರ್ ಮಾತ್ರ ಅನ್ನುವ ಹೆಸರಿಟ್ಟುಕೊಂಡವರಿಗೆ: 650 ಎಂಎಲ್ ಸ್ಟ್ರಾಂಗ್ ಬಾಟ್ಲಿ, ಲೇಬಲ್ ಮೇಲೆ ಶೇ 8 ಇದ್ದರೆ 41 ಗ್ರಾಂ.

ಬಿಯರ್_ಮಾತ್ರ

ಅಂದರೆ ಎರಡು ಸ್ಟ್ರಾಂಗ್ ಒಂದು ಕ್ವಾರ್ಟರ್‌ಗಿಂತ ಜಾಸ್ತಿಯಾ!? ಮೇಷ್ಟ್ರೇ, ನನ್ನ ವೀಕೆಂಡ್ ಕೆಡಿಸಿದಿರಿ.

ಟೋಕಿಯೋ_ಕನ್ನಡಿಗ

ಜೀನ್ ಮಾತು ಬಂತಲ್ಲ, ನಾನಿರುವ ಕಡೆಯ ಕಥೆ ಹೇಳಲೇಬೇಕು. ಆಫೀಸ್ ಮುಗಿದ ಮೇಲೆ ಇಲ್ಲಿ ಎಲ್ಲರೂ ಒಟ್ಟಿಗೆ ಕುಡಿಯಲು ಹೋಗುತ್ತಾರೆ. ಅರ್ಧ ಲೋಟ ಬಿಯರ್‌ಗೆ ಪಕ್ಕದವನ ಮುಖ ಕೆಂಪು. ಎದೆ ಡವಡವ. ನಮ್ಮ ಕಡೆ ಹೀಗೆ ಆಗಿದ್ದನ್ನು ನಾನು ನೋಡಿರಲಿಲ್ಲ.

ಇದು ಎಎಲ್‌ಡಿಎಚ್2 ಅನ್ನುವ ಕಿಣ್ವದ ಕಥೆ. ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತದೆ. ಆಮೇಲೆ ಈ ಕಿಣ್ವ ಅದನ್ನು ನಿರುಪದ್ರವಿ ಮಾಡುತ್ತದೆ. ಜಪಾನೀಯರಲ್ಲಿ ಸುಮಾರು ಶೇ 40 ಮಂದಿಗೆ ಈ ಕಿಣ್ವ ಸರಿ ಇಲ್ಲ. ವಿಷ ಅಲ್ಲೇ ನಿಲ್ಲುತ್ತದೆ. ಕುಡಿಯುವುದೇ ಹಿಂಸೆ. ಹಾಗಾಗಿ ಕುಡಿತದ ಚಟ ಹಿಡಿದವರಲ್ಲಿ ಇಂಥವರು ಬಹಳ ಕಡಿಮೆ.

ನನಗೆ ಆಶ್ಚರ್ಯ ಅನ್ನಿಸಿದ್ದು ಮುಂದಿನ ಭಾಗ. ಚಟಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಜಪಾನೀಯರಲ್ಲಿ ಈ ಜೀನ್‌ನ ಕೆಟ್ಟ ರೂಪದ ಒಂದು ಪ್ರತಿ ಇರುವವರು ಎಷ್ಟು ಅಂತ ಹಿಗುಚಿ ತಂಡ ನೋಡಿ 1994ರಲ್ಲಿ ಪ್ರಕಟಿಸಿತು. 1979ರಲ್ಲಿ ಶೇ 2.5. 1986ರಲ್ಲಿ ಶೇ 8. 1992ರಲ್ಲಿ ಶೇ 13. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗುತ್ತದಾ? ಇಲ್ಲ. ಬದಲಾಗಿದ್ದು ಸಂಜೆಯ ಸಹವಾಸ, ಬಾಸ್ ಸುರಿಯುವ ಲೋಟಕ್ಕೆ ಬೇಡ ಅನ್ನಲಾಗದ ಸ್ಥಿತಿ. ದೇಹ ಬೇಡ ಅಂದರೂ ಕುಡಿದರು. ಹೀಗೆ ಕೆಂಪಾಗುತ್ತಲೇ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಬೇರೆ ಜಾಸ್ತಿ.

ಜೀನ್_ಗಿರಾಕಿ

ಟೋಕಿಯೋ ಅಣ್ಣ ಕೊಟ್ಟಿದ್ದು ಒಳ್ಳೆಯ ಅಂಕಿ. ನಮ್ಮಲ್ಲಿ ಆ ಎಎಲ್‌ಡಿಎಚ್2 ರೂಪ ಬಹಳ ಅಪರೂಪ. ಅಂದರೆ ದೇಹವೇ ಹಾಕುವ ಆ ಬ್ರೇಕ್ ನಮ್ಮ ಬಹುತೇಕರಿಗೆ ಇಲ್ಲ.

ಇಲ್ಲಿ ಎರಡು ವಿಷಯ ಕಲಸುಮೇಲೋಗರ ಆಗದಿರಲಿ. ಯಾರು ಚಟಕ್ಕೆ ಬೀಳುತ್ತಾರೆ ಅನ್ನುವುದರ ಜೀನ್‌ಗಳು ಒಂದು ಪಟ್ಟಿ. ಬಿದ್ದವರಲ್ಲಿ ಯಾರ ಲಿವರ್ ಹೋಗುತ್ತದೆ ಅನ್ನುವುದು ಇನ್ನೊಂದು ಪಟ್ಟಿ. ಪಿಎನ್‌ಪಿಎಲ್‌ಎ3 ಎರಡನೆಯದು. ಅದು ಯಾರನ್ನೂ ಬಾರ್‌ಗೆ ಕಳಿಸುವುದಿಲ್ಲ. ನಮ್ಮ ವಂಶದಲ್ಲೇ ಕುಡಿತ ಇದೆ ಅಂತ ಅದರ ಮೇಲೆ ಹಾಕುವ ಹಾಗಿಲ್ಲ.

ವಾರ್ಡ್_ಅಕ್ಕ

ನಾನು ನರ್ಸ್. ಮೆಡಿಕಲ್ ವಾರ್ಡ್‌ನಲ್ಲಿ ತುಂಬಾ ವರ್ಷದಿಂದ ಇದ್ದೇನೆ. "ನಮ್ಮ ಜನಕ್ಕೆ ಲಿವರ್ ಗಟ್ಟಿ, ತಲೆತಲಾಂತರದಿಂದ ಕುಡೀತೀವಿ" ಅನ್ನುವ ಮಾತನ್ನು ಎಲ್ಲ ಜಾತಿಯವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರು ಯಾವಾಗಲೂ ಪೇಷೆಂಟ್ ಹಾಸಿಗೆ ಪಕ್ಕದಲ್ಲಿ ನಿಂತಿರುತ್ತಾರೆ.

ಇನ್ನೊಂದು, ಕಾಮಾಲೆ ಅಂದ ತಕ್ಷಣ ನೆಲನೆಲ್ಲಿ ರಸ ಕುಡಿಸಿ, ತಿಂಗಳುಗಟ್ಟಲೆ ಕಾದು ಕರೆತರುತ್ತಾರೆ. ಹೆಪಟೈಟಿಸ್ ಎ ಥರದ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಕುಡಿಯುವವರ ಕಣ್ಣು ಹಳದಿ ಆದರೆ ಅದು ಬೇರೆ ಕಾಮಾಲೆ. ಕಾಯಬೇಡಿ.

ಗಂಡ ಕುಡಿತ ಬಿಡಲಿ ಅಂತ ಹೆಂಗಸರು ಮಾಡುವ ಒಂದು ಕೆಲಸದ ಬಗ್ಗೆಯೂ ಹೇಳಬೇಕು. ಗೊತ್ತಿಲ್ಲದ ಹಾಗೆ ಸಾರಿಗೆ ಮಾತ್ರೆ ಪುಡಿ ಹಾಕುತ್ತಾರೆ. ತುಂಬಾ ಸಲ ಅದು ಡೈಸಲ್ಫಿರಾಮ್. ದಯವಿಟ್ಟು ಬೇಡ.

ಮೂಡಿಗೆರೆ_ಮಳೆ

ಅಕ್ಕ, ಅದು ಯಾಕೆ ಬೇಡ? ನಮ್ಮ ಊರಲ್ಲಿ ಇದನ್ನು ಹೇಳಿಕೊಡುವವರು ಇದ್ದಾರೆ.

ಡಾ_ಹೊಟ್ಟೆಪಾಡು

ನಾನು ಹೇಳುತ್ತೇನೆ. ಟೋಕಿಯೋದವರು ವಿವರಿಸಿದ ಕೆಂಪು ಮುಖದ ಸ್ಥಿತಿ ಇದೆಯಲ್ಲ, ಡೈಸಲ್ಫಿರಾಮ್ ಅದನ್ನೇ ಮಾತ್ರೆಯಿಂದ ತರುತ್ತದೆ. ಅದೇ ಕಿಣ್ವವನ್ನು ತಡೆಯುತ್ತದೆ. ಡೆನ್ಮಾರ್ಕ್‌ನವರು 1940ರ ದಶಕದಲ್ಲಿ ಕಂಡುಕೊಂಡಿದ್ದು. ಗೊತ್ತಿದ್ದು, ಒಪ್ಪಿ ತೆಗೆದುಕೊಳ್ಳುವವನಿಗೆ ಸಹಾಯ ಮಾಡುತ್ತದೆ, ಏಕೆಂದರೆ ಕುಡಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು. ಗೊತ್ತಿಲ್ಲದವನು ಎಂದಿನಂತೆ ಕ್ವಾರ್ಟರ್ ಹಾಕುತ್ತಾನೆ. ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದರೆ ಜೀವವೇ ಹೋಗಬಹುದು. ಮೇಲಾಗಿ ಆ ಮಾತ್ರೆಯೇ ಕೆಲವರಿಗೆ ಲಿವರ್ ಕೆಡಿಸುತ್ತದೆ. ಲಿವರ್ ಆಗಲೇ ಸೋತವರಿಗೆ ನಾವು ಬೇರೆ ಔಷಧಿ ನೋಡುತ್ತೇವೆ. ಸಿರೋಸಿಸ್ ಇರುವವರಿಗೆ ಬ್ಯಾಕ್ಲೋಫೆನ್ ಅನ್ನುವ ಔಷಧಿಯ ಮೇಲೆ 2007ರಲ್ಲಿ ಇಟಲಿಯಿಂದ ಒಳ್ಳೆಯ ಅಧ್ಯಯನ ಬಂದಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ದೂರದವರು ಫೋನ್‌ನಲ್ಲಿ ಶುರು ಮಾಡಬಹುದು: ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416.

ಮೂಡಿಗೆರೆ_ಮಳೆ

ಇಷ್ಟು ಓದಿದ ಮೇಲೆ ಅಣ್ಣನನ್ನು ಕೂರಿಸಿ ಮಾತಾಡಿದೆ. ಅವನಿಗೆ 41. ದಿನಾ ಒಂದು ಕ್ವಾರ್ಟರ್, ಹೊಟ್ಟೆ ಬಂದಿದೆ, ಕಳೆದ ವರ್ಷ ಶುಗರ್ ಶುರುವಾಗಿದೆ. ಅವನು ಜೊಲ್ಲು ಪರೀಕ್ಷೆಗೆ ರೆಡಿ. "ಜೀನ್ ಚೆನ್ನಾಗಿದ್ರೆ ನನ್ನನ್ನು ಬಿಟ್ಟುಬಿಡ್ತೀಯಾ?" ಅಂತ ಕೇಳಿದ. ಏನು ಹೇಳಲಿ?

ಡಾ_ಹೊಟ್ಟೆಪಾಡು

ಆ ಪ್ರಶ್ನೆಯಲ್ಲೇ ಪರೀಕ್ಷೆ ಯಾಕೆ ಬೇಡ ಅನ್ನುವುದು ಇದೆ. ಕೆಟ್ಟ ರೂಪ ಬಂದರೆ ನಾನು ಏನು ಹೇಳುತ್ತೇನೆ? ಕುಡಿಯಬೇಡಿ, ತೂಕ ಇಳಿಸಿ, ಶುಗರ್ ಹತೋಟಿಯಲ್ಲಿಡಿ, ಲಿವರ್ ಎಷ್ಟು ಗಟ್ಟಿಯಾಗಿದೆ ನೋಡೋಣ. ಒಳ್ಳೆಯ ರೂಪ ಬಂದರೂ ಅದನ್ನೇ ಹೇಳುತ್ತೇನೆ. ಹಾಗಿದ್ದ ಮೇಲೆ ದುಡ್ಡು ಯಾಕೆ? ಲಿವರ್ ಕ್ಲಿನಿಕ್‌ಗಳಲ್ಲಿ ನಾವು ಇದನ್ನು ದಿನನಿತ್ಯ ಬರೆದುಕೊಡುವುದಿಲ್ಲ. ಸಂಶೋಧನೆಗೆ ಬಹಳ ಉಪಯುಕ್ತ, ಅದು ಬೇರೆ. ಇನ್ನು "ಚೆನ್ನಾಗಿದೆ" ಅನ್ನುವ ರಿಪೋರ್ಟ್ ನಿಮ್ಮ ಅಣ್ಣನಂಥವರ ಕೈಗೆ ಹೋದರೆ ಅದು ಲೈಸೆನ್ಸ್ ಆಗುತ್ತದೆ.

ನಿಮ್ಮ ಮನೆಯಲ್ಲಿ ಪುಕ್ಕಟೆ ಜೀನ್ ಪರೀಕ್ಷೆ ಆಗಲೇ ಆಗಿದೆ. ಅಪ್ಪ 51ಕ್ಕೆ ಸಿರೋಸಿಸ್‌ನಿಂದ ಹೋದರು. ನನಗೆ ಅಷ್ಟು ಸಾಕು.

ಜೀನ್_ಗಿರಾಕಿ

ಜೀನ್ ಕೆಲಸ ಮಾಡುವ ನಾನೂ ಡಾಕ್ಟ್ರ ಪರ. ಹೊಟ್ಟೆ ಬಂದಿರುವ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಎನ್‌ಪಿಎಲ್‌ಎ3 ಕೆಟ್ಟ ರೂಪ ತೆಳ್ಳಗಿರುವವರಲ್ಲಿ ಅಷ್ಟು ಆಟ ಆಡುವುದಿಲ್ಲ. ತೂಕ ಏರಿದಂತೆ ಅದರ ಪರಿಣಾಮ ಜೋರಾಗುತ್ತದೆ ಅಂತ 2017ರಲ್ಲಿ ದೊಡ್ಡ ಅಧ್ಯಯನ ಬಂತು. ಅಂದರೆ ಜೀನ್ ಬದಲಿಸಲು ಆಗದಿದ್ದರೂ ಅದರ ದನಿ ತಗ್ಗಿಸಲು ಆಗುತ್ತದೆ. ಕುಡಿತ, ತೂಕ, ಶುಗರ್ ಮೂರೂ ಒಟ್ಟಿಗೆ ಇರುವವರು ಜೀನ್ ನೋಡುವ ಅಗತ್ಯವೇ ಇಲ್ಲದ ಗುಂಪು.

ಲೆಕ್ಕದ_ಮೇಷ್ಟ್ರು

ಅಣ್ಣನ ಹತ್ತಿರ ಹಳೆಯ ರಕ್ತದ ರಿಪೋರ್ಟ್ ಇದ್ದರೆ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಹಾಕಿ. ಲಿವರ್‌ನಲ್ಲಿ ಎಷ್ಟು ನಾರು ಕಟ್ಟಿರಬಹುದು ಅಂತ ಅಂದಾಜು ಮಾಡುವ ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ 1.5 ಲಕ್ಷ ಅಂತ ಇದ್ದರೆ 150 ಅಂತ ತೆಗೆದುಕೊಳ್ಳಬೇಕು, ಇಲ್ಲಿ ತುಂಬಾ ಜನ ಎಡವುತ್ತಾರೆ. 1.3ಕ್ಕಿಂತ ಕಡಿಮೆ ಬಂದರೆ ಹೆಚ್ಚು ನಾರು ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ತಡ ಮಾಡಬಾರದು.

ಮೂಡಿಗೆರೆ_ಮಳೆ

ಶುಗರ್ ಗೊತ್ತಾದಾಗ ಮಾಡಿಸಿದ್ದು ಸಿಕ್ಕಿತು. ಎಸ್‌ಜಿಒಟಿ 96, ಎಸ್‌ಜಿಪಿಟಿ 44, ಪ್ಲೇಟ್‌ಲೆಟ್ 1.32 ಲಕ್ಷ. ಸ್ಕ್ಯಾನ್‌ನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 2" ಅಂತ ಇದೆ. ಆಗ ಯಾರೂ ಏನೂ ಹೇಳಲಿಲ್ಲ. ಶುಗರ್ ಮಾತ್ರೆ ಕೊಟ್ಟು ಕಳಿಸಿದರು.

ಲೆಕ್ಕದ_ಮೇಷ್ಟ್ರು

41 ಗುಣಿಸು 96, 3936. 44ರ ವರ್ಗಮೂಲ 6.63. ಅದನ್ನು 132ರಿಂದ ಗುಣಿಸಿದರೆ 875. ಭಾಗಿಸಿದರೆ 4.5.

ಡಾಕ್ಟ್ರೇ, ಇದು ನಿಮ್ಮ ಕೈಗೆ.

ಡಾ_ಹೊಟ್ಟೆಪಾಡು

ಮೊದಲು ಒಂದು ಎಚ್ಚರಿಕೆ. ಹಿಂದಿನ ವಾರ ಜೋರಾಗಿ ಕುಡಿದಿದ್ದರೆ ಎಸ್‌ಜಿಒಟಿ ಏರಿ ಈ ಲೆಕ್ಕ ಉಬ್ಬುತ್ತದೆ. ಕುಡಿತ ಪ್ಲೇಟ್‌ಲೆಟ್ ಅನ್ನೂ ಇಳಿಸುತ್ತದೆ. ಹಾಗಾಗಿ 4.5 ನೋಡಿ ಸಿರೋಸಿಸ್ ಅಂತ ತೀರ್ಮಾನ ಮಾಡಬೇಡಿ. ಆದರೆ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ, ಅಪ್ಪನ ಕಥೆ, ಶುಗರ್. ಇಷ್ಟು ಒಟ್ಟಿಗೆ ಕಂಡರೆ ನಾನಂತೂ ಸುಮ್ನೆ ಕೂರುವುದಿಲ್ಲ.

ಈ ವಾರವೇ ಲಿವರ್ ನೋಡುವವರ ಹತ್ತಿರ ಹೋಗಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಕೇಳಿ, ನೋವಿಲ್ಲ, ಕೆಲವೇ ನಿಮಿಷ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಿಸಿ. ಕುಡಿತದ ಮೇಲೆ ಎಲ್ಲಾ ಹಾಕಿ ವೈರಸ್ ನೋಡದೇ ಬಿಟ್ಟ ಕೇಸ್‌ಗಳಿವೆ. ನಾರು ಕಟ್ಟಿದ್ದರೂ ಕುಡಿತ ಪೂರ್ತಿ ನಿಂತರೆ ಲಿವರ್ ಎಷ್ಟೋ ಸುಧಾರಿಸುತ್ತದೆ. ಸಿರೋಸಿಸ್ ಆದ ಮೇಲೂ ನಿಲ್ಲಿಸಿದವರು ಮುಂದುವರಿಸಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ವಾರ್ಡ್_ಅಕ್ಕ

ಒಂದು ಮಾತು ತಪ್ಪದೆ ಕೇಳಿ. ಹೆದರಿ ನಾಳೆ ಬೆಳಗ್ಗೆಯಿಂದ ಏಕ್‌ದಂ ಬಾಟ್ಲಿ ಕಿತ್ತುಕೊಳ್ಳಬೇಡಿ. ದಿನಾ ಕುಡಿಯುವವರಿಗೆ ನಿಲ್ಲಿಸಿದ ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಾಣುವುದು, ಎದ್ದು ಓಡುವುದು. ಅದು ದೆವ್ವ ಅಲ್ಲ, ಪೂಜೆಗೆ ಕರೆದುಕೊಂಡು ಹೋಗಬೇಡಿ. ಡಾಕ್ಟರ್ ಕಣ್ಣಳತೆಯಲ್ಲಿ, ಮಾತ್ರೆ ಮತ್ತು ಬಿ1 ವಿಟಮಿನ್ ಜೊತೆ ನಿಲ್ಲಿಸಬೇಕು.

ಮೂಡಿಗೆರೆ_ಮಳೆ

ಆಯಿತು ಅಕ್ಕ. ಸೋಮವಾರಕ್ಕೆ ಹಾಸನದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಅಣ್ಣ ಗೊಣಗುತ್ತಿದ್ದಾನೆ, ಆದರೆ ಬರುತ್ತಾನೆ. 4.5 ಅನ್ನುವ ಸಂಖ್ಯೆ ಅವನಿಗೆ ನಾಟಿದೆ. ಜೀನ್ ಕಥೆ ನಾಟಲಿಲ್ಲ.

ಗದಗ_ಗಾಳಿ

ಒಳ್ಳೇದು ಮಾಡಿದ್ರಿ. ನನಗೊಂದು ಕೇಳುವುದಿತ್ತು. ಜೀನ್ ಕೆಟ್ಟರೆ ರಕ್ಷಣೆ ಅಂದರಲ್ಲ, ಆ 17ಬಿ13 ಏನೋ. ಹಾಗಾದರೆ ಎಲ್ಲರಿಗೂ ಅದನ್ನು ಕೆಡಿಸುವ ಔಷಧಿ ಮಾಡಿದರಾಯಿತಲ್ಲ?

ಜೀನ್_ಗಿರಾಕಿ

ಅಣ್ಣ, ಅದನ್ನೇ ಮಾಡುತ್ತಿದ್ದಾರೆ! ಆ ಜೀನ್‌ನ ಸಂದೇಶ ಲಿವರ್ ಜೀವಕೋಶದಲ್ಲಿ ಪ್ರೋಟೀನ್ ಆಗುವ ಮೊದಲೇ ಕತ್ತರಿಸುವ ಚುಚ್ಚುಮದ್ದುಗಳು ಪ್ರಯೋಗದ ಹಂತದಲ್ಲಿವೆ. ಪಿಎನ್‌ಪಿಎಲ್‌ಎ3ಗೂ ಅದೇ ದಾರಿಯಲ್ಲಿ ಪ್ರಯತ್ನ ನಡೆದಿದೆ. ಸದ್ಯ ಹೆಚ್ಚಾಗಿ ಕುಡಿಯದವರ ಫ್ಯಾಟಿ ಲಿವರ್‌ಗೆ. ಔಷಧಿ ಅಂಗಡಿಗೆ ಬರುವವರೆಗೆ ಕಾಯುತ್ತಾ ಕುಡಿಯುವ ಪ್ಲಾನ್ ಮಾಡಬೇಡಿ.

ಬಿಯರ್_ಮಾತ್ರ

ಕಾಫಿ ಲಿವರ್‌ಗೆ ಒಳ್ಳೆಯದು ಅಂತ ಎಲ್ಲೋ ಓದಿದೆ. ಇದೂ ವಾಟ್ಸಾಪ್ ಕಥೆಯಾ?

ಡಾ_ಹೊಟ್ಟೆಪಾಡು

ಇಲ್ಲ, ಇದಕ್ಕೆ ಆಧಾರ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1.25 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಕ್ಲಾಟ್ಸ್ಕಿ ತಂಡ ಹೇಳಿತು: ದಿನದ ಪ್ರತಿ ಕಪ್ ಕಾಫಿಗೂ ಕುಡಿತದ ಸಿರೋಸಿಸ್ ಅಪಾಯ ಶೇ 20ರಷ್ಟು ಕಡಿಮೆ ಕಂಡಿತು. ಕಾಫಿಯೇ ಕಾರಣ ಅಂತ ಸಾಬೀತಾಗಿಲ್ಲ. ಕುಡಿದ ಕ್ವಾರ್ಟರ್‌ಗೆ ಅದು ಪ್ರತಿವಿಷವೂ ಅಲ್ಲ. ಸಕ್ಕರೆ ಕಡಿಮೆ ಹಾಕಿಕೊಂಡು ಕುಡಿಯಿರಿ, ನಾನು ಬೇಡ ಅನ್ನುವುದಿಲ್ಲ.

ಮೂಡಿಗೆರೆ_ಮಳೆ

ನಮ್ಮ ಊರಿನವರಿಗೆ ಇದನ್ನು ಪ್ರಿಂಟ್ ಹಾಕಿಸಿ ಕೊಡಬೇಕು.

ಗದಗ_ಗಾಳಿ

ನಾವು ಚಹಾ ಮಂದಿ. ಚಹಾಕ್ಕೆ ಏನಾದರೂ ಐತೇನ್ರಿ?

ಡಾ_ಹೊಟ್ಟೆಪಾಡು

ಚಹಾವನ್ನೂ ಅದೇ ಅಧ್ಯಯನದಲ್ಲಿ ನೋಡಿದ್ದಾರೆ. ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.